ಮುತ್ತುರಾಜನ ಎಡಗಡೆ

ಮುತ್ತುರಾಜನಿಗೆ ಎಡಗಡೆ ಕಾಣುತ್ತಿಲ್ಲ ಎಂಬುದು ಮೊದಲು ಗೊತ್ತಾದದ್ದು ಆಸ್ಪತ್ರೆಯಲ್ಲಲ್ಲ. ಚಾಮರಾಜಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ, ಬಾಳೆ ಎಲೆಯ ಮುಂದೆ.

ಅವತ್ತು ಪಿತೃಪಕ್ಷ. ನಮ್ಮ ಯಜಮಾನರಿಗೆ ಎಡೆ ಇಟ್ಟು, ಸಾಂಬ್ರಾಣಿ ಹಾಕಿ, ಎಲ್ಲರನ್ನೂ ಊಟಕ್ಕೆ ಕೂರಿಸಿದ್ದೆ. ಅದಕ್ಕೆ ಸ್ವಲ್ಪ ದಿನ ಮುಂಚೆ ಮುತ್ತುರಾಜ ತಲೆ ಸುತ್ತಿ ಬಿದ್ದು ಆಸ್ಪತ್ರೆ ಸೇರಿ ಬಂದಿದ್ದ. ಬಿ.ಪಿ. ಏರಿತ್ತು, ಈಗ ಇಳಿದಿದೆ ಎಂದು ಮನೆಗೆ ಕಳುಹಿಸಿದ್ದರು. ಬರುವ ಸೋಮವಾರ ಡ್ಯೂಟಿಗೆ ಹೋಗುತ್ತೇನೆ ಎನ್ನುತ್ತಲೇ ಎಲೆಯ ಮುಂದೆ ಕೂತ. ಮುದ್ದೆ ಮುರಿದ, ಸಾರಿನಲ್ಲಿ ಅದ್ದಿದ, ನುಂಗಿದ. ಆಮೇಲೆ ತಲೆ ಎತ್ತಿದ.

"ಏನತ್ಗೆ, ಉಪ್ಪಿಡೋದ್ನೇ ಮರ್ತುಬಿಟ್ರಾ? ನರಸಿಂಹಣ್ಣ ಇದ್ದಿದ್ರೆ ಎಲೆ ಬಿಟ್ಟು ಎದ್ದು ಹೋಗ್ತಿದ್ರು!" ಎಂದು ನಕ್ಕ.

ಉಪ್ಪು ಇಟ್ಟಿದ್ದೆ. ಎಲೆಯ ಎಡತುದಿಯಲ್ಲಿ, ಎಲ್ಲರ ಎಲೆಗೂ ಇಡುವ ಜಾಗದಲ್ಲೇ. ಉಪ್ಪಿನ ಪಕ್ಕದಲ್ಲಿ ಹುರಿದ ಕೋಳಿಯ ತೊಡೆಯಿತ್ತು. ಮೂಳೆಯನ್ನೂ ಬಿಡದೆ ಚೀಪುವ ಮನುಷ್ಯ ಅದನ್ನು ಮುಟ್ಟಿರಲಿಲ್ಲ. ಎಲೆಯ ಬಲಗಡೆ ಗುಡಿಸಿದ ಹಾಗೆ ಖಾಲಿ, ಎಡಗಡೆ ಬಡಿಸಿದ್ದು ಬಡಿಸಿದ ಹಾಗೇ. ಪಕ್ಕದಲ್ಲಿ ಕೂತಿದ್ದ ಅವನ ಮಗಳು ಲಾಸ್ಯಾ ಅಪ್ಪನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಎಲೆಯ ಎರಡು ತುದಿ ಹಿಡಿದು ಮೆಲ್ಲಗೆ ತಿರುಗಿಸಿಬಿಟ್ಟಳು. ಬಡಿಸಿದ ಎಲೆಯನ್ನು ತಿರುಗಿಸಬಾರದು, ಅದರಲ್ಲೂ ಎಡೆಯ ದಿನ. ಬೈಯಲು ಬಾಯಿ ತೆಗೆದೆ. ಅಷ್ಟರಲ್ಲಿ ಮುತ್ತುರಾಜ, "ಓ, ಬಂತಲ್ಲಪ್ಪ ಕೋಳಿ!" ಎಂದು ಕೈ ಹಾಕಿದ. ನಾನು ತೆಗೆದ ಬಾಯಿ ಮುಚ್ಚಿಕೊಂಡೆ.

ಕಣ್ಣಿಗೆ ಏನೂ ಆಗಿರಲಿಲ್ಲ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಎರಡೂ ಕಣ್ಣಿನ ಎಡಗಡೆಯ ನೋಟ ಹೋಗಿದೆ ಎಂದು ಆಮೇಲೆ ದೊಡ್ಡ ಡಾಕ್ಟರು ಹೇಳಿದರು. ನಡೆಯುವಾಗ, ಉಣ್ಣುವಾಗ ಕತ್ತು ತಿರುಗಿಸಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ, ಇನ್ನು ಬಸ್ಸು ಮಾತ್ರ ಮುಟ್ಟಬೇಡಿ ಎಂದರು. ಮುತ್ತುರಾಜ ತಲೆಯಾಡಿಸಿದ. ಹೊರಗೆ ಬಂದವನು ಆಸ್ಪತ್ರೆಯ ಬಾಗಿಲಿನ ಚೌಕಟ್ಟಿಗೆ ಎಡಭುಜ ಬಡಿದುಕೊಂಡು, "ಯಾರ್ ಇಲ್ಲಿ ಬಾಗ್ಲಿಟ್ಟಿದ್ದು?" ಎಂದು ಬೈದುಕೊಂಡ.

ಅವನು ನಮಗೆ ಸಂಬಂಧಿಕನೇನಲ್ಲ. ನಮ್ಮ ಯಜಮಾನರು, ಅವನ ಬಾಯಲ್ಲಿ ನರಸಿಂಹಣ್ಣ, ಸಿಟಿ ಬಸ್ಸಿನಲ್ಲಿ ಕಂಡಕ್ಟರು, ಅವನು ಡ್ರೈವರು. ಜನ ಬಿಟಿಎಸ್ ಬಸ್ಸು ಎನ್ನುತ್ತಿದ್ದ ಕಾಲದಿಂದ ಇಬ್ಬರೂ ಒಂದೇ ಗಾಡಿ, ಒಂದೇ ರೂಟು. ಮಾರ್ಕೆಟ್ಟಿನಿಂದ ಮಲ್ಲೇಶ್ವರ, ಮಲ್ಲೇಶ್ವರದಿಂದ ಮಾರ್ಕೆಟ್ಟು. ರಜ ಹಾಕಿದರೆ ಇಬ್ಬರೂ ಹಾಕುತ್ತಿದ್ದರು. ಡಿಪೋದಲ್ಲಿ ಉಳಿದವರು, "ಬಂದ್ರು ನೋಡ್ರಪ್ಪ ಗಂಡ ಹೆಂಡ್ತಿ" ಎಂದು ರೇಗಿಸುತ್ತಿದ್ದರಂತೆ. ಗಂಡ ಯಾರು, ಹೆಂಡತಿ ಯಾರು ಎಂದು ನಾನು ಕೇಳಿದರೆ ನಮ್ಮ ಯಜಮಾನರು, "ದುಡ್ಡಿನ ಚೀಲ ಯಾರ್ ಹತ್ರ ಇರುತ್ತೋ ಅವ್ರೇ ಹೆಂಡ್ತಿ" ಎನ್ನುತ್ತಿದ್ದರು. ಲಾಸ್ಯಾ ಕೈಗೂಸಾಗಿದ್ದಾಗಲೇ ಮುತ್ತುರಾಜನ ಹೆಂಡತಿ ತೀರಿಕೊಂಡಳು. ಅವತ್ತಿನಿಂದ ಅಪ್ಪ ಮಗಳ ಊಟ ನಮ್ಮ ಮನೆಯಲ್ಲೇ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗೋಡೆ ಅಷ್ಟೆ. ಆ ಹುಡುಗಿ ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ.

ಯಜಮಾನರು ಮೊದಲು ರಿಟೈರಾದರು, ಆಮೇಲೆ ಹೋಗಿಯೇಬಿಟ್ಟರು. ಮುತ್ತುರಾಜನಿಗೆ ಬೇರೆ ಬೇರೆ ಕಂಡಕ್ಟರುಗಳು ಬಂದರು. "ಎಲ್ಲಾ ಒಳ್ಳೆ ಹುಡುಗ್ರೇ ಅತ್ಗೆ. ಆದ್ರೆ ಫೋನ್ ನೋಡ್ತಾ ವಿಷಲ್ ಊದ್ತಾರೆ" ಎನ್ನುತ್ತಿದ್ದ.

ಡ್ರೈವರುಗಳಿಗೆ ಒಂದು ಪದ್ಧತಿಯುಂಟು. ರಿಟೈರಾಗುವ ದಿನ ಕೊನೆಯ ಟ್ರಿಪ್ಪಿಗೆ ಬಸ್ಸಿನ ಮೂತಿಗೆ ಚೆಂಡುಹೂವಿನ ಹಾರ ಕಟ್ಟುತ್ತಾರೆ. ಕಂಡಕ್ಟರು ತೆಂಗಿನಕಾಯಿ ಒಡೆಯುತ್ತಾನೆ, ಹತ್ತಿದವರಿಗೆಲ್ಲ ಮೈಸೂರುಪಾಕು ಹಂಚುತ್ತಾನೆ. ಹೆಂಡತಿ ಮಕ್ಕಳು ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಾರೆ. ಎಡಗಡೆಯ ನೋಟ ಹೋದ ಮೇಲೆ ಮುತ್ತುರಾಜನನ್ನು ಡಿಪೋದಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಅಲ್ಲಿಂದಲೇ ರಿಟೈರಾದ. ಆಫೀಸು ರೂಮಿನಲ್ಲಿ ಶಾಲು ಹೊದಿಸಿ ಕಳುಹಿಸಿದರು. ಆ ಶಾಲನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆಯದೆ ಬೀರುವಿನ ಮೇಲೆ ಎಸೆದ.

"ಒಂದ್ ಟ್ರಿಪ್ಪು ಅತ್ಗೆ" ಎನ್ನುತ್ತಿದ್ದ. "ಜಾಸ್ತಿ ಬೇಡ. ಮಾರ್ಕೆಟ್ಟಿಂದ ಮಲ್ಲೇಶ್ವರಕ್ಕೆ ಒಂದೇ ಒಂದ್ ಟ್ರಿಪ್ಪು ಸರಿಯಾಗಿ ಮುಗಿಸ್ಬಿಟ್ಟಿದ್ರೆ ಸಾಕಾಗಿತ್ತು. ಅರ್ಧದಲ್ಲಿ ಇಳಿಸ್ದಂಗಾಯ್ತು."

ಸಂಜೆಯಾದರೆ ಬಸ್ ಸ್ಟಾಪಿಗೆ ಹೋಗಿ ನಿಲ್ಲುತ್ತಿದ್ದ. ಹತ್ತುವುದಕ್ಕಲ್ಲ, ಡ್ರೈವರುಗಳು ಹೇಗೆ ನಿಲ್ಲಿಸುತ್ತಾರೆ ನೋಡುವುದಕ್ಕೆ. ಬಂದು ನನ್ನ ಮುಂದೆ ಒಬ್ಬೊಬ್ಬರ ಬ್ರೇಕನ್ನೂ ಬೈಯುತ್ತಿದ್ದ.

ಲಾಸ್ಯಾ ಕಂಪ್ಯೂಟರ್ ಆಟಗಳಿಗೆ ಚಿತ್ರ ಬರೆಯುವ ಕೆಲಸ ಮಾಡುತ್ತಾಳೆ. ಮನೆಯಲ್ಲೇ ಕೂತು ಆಟಕ್ಕೆ ಬೇಕಾದ ಮರ, ಮನೆ, ಬೀದಿದೀಪ ಎಲ್ಲ ಬಿಡಿಸುತ್ತಾಳೆ. ಒಂದು ಭಾನುವಾರ ಅವಳು ಎಲ್ಲಿಂದಲೋ ಒಂದು ಸ್ಟೀರಿಂಗು, ಕಾಲಿಗೆ ಕ್ಲಚ್ಚು ಬ್ರೇಕು ತಂದು ಮೇಜಿಗೆ ಬಿಗಿದಳು. ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟವಂತೆ. ಯಾವುದೋ ದೇಶದ ಊರು. ರಸ್ತೆಯಲ್ಲಿ ಹಸುವಿಲ್ಲ, ಕಸವಿಲ್ಲ, ಜನರೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತಿರುತ್ತಾರೆ. ಬಸ್ಸು ಮಾತ್ರ ನಮ್ಮದರ ಹಾಗೇ, ಡ್ರೈವರ್ ಸೀಟು ಬಲಗಡೆಗೆ.

ಮುತ್ತುರಾಜ ಮೊದಲು, "ಮಕ್ಳಾಟ" ಎಂದ. ಆಮೇಲೆ ಚಪ್ಪಲಿ ಬಿಟ್ಟು, ಸ್ಟೀರಿಂಗಿಗೆ ಕೈಮುಗಿದು ಕೂತ. ಆ ಪ್ಲಾಸ್ಟಿಕ್ಕು ಚಕ್ರವನ್ನು ಹಿಡಿದ ಕೂಡಲೇ ಅವನ ಬೆನ್ನು ನೆಟ್ಟಗಾಯಿತು. ಆ ಬೆನ್ನನ್ನು ನಾನು ಬಹಳ ದಿನ ನೋಡಿರಲಿಲ್ಲ.

ಗಾಡಿ ಹೊರಟಿತು. ಮೊದಲನೇ ಸ್ಟಾಪಿನಲ್ಲಿ ಹೂವಿನ ಹಾಗೆ ನಿಲ್ಲಿಸಿದ. ಜನ ಹತ್ತಿದರು. ಬಾಗಿಲು ಮುಚ್ಚಿತು. ಬಸ್ಸು ಹೊರಡಲಿಲ್ಲ.

"ಹೋಗಪ್ಪ" ಎಂದಳು ಲಾಸ್ಯಾ.

ಮುತ್ತುರಾಜನ ಕಾಲು ಕ್ಲಚ್ಚಿನ ಮೇಲೇ ಇತ್ತು.

"ಅಪ್ಪಾ, ಟೈಮ್ ಹೋಗ್ತಿದೆ. ಪಾಯಿಂಟ್ಸ್ ಕಟ್ ಆಗುತ್ತೆ. ಕ್ಲಚ್ ಬಿಡು!"

"ರೈಟ್ ಅನ್ಬೇಕಲ್ಲಮ್ಮ ಯಾರಾದ್ರೂ."

"ಯಾರಂತಾರೆ? ಇದ್ರಲ್ಲಿ ಕಂಡಕ್ಟರ್ ಇಲ್ಲ."

"ಕಂಡಕ್ಟರ್ ಇಲ್ದೆ ಜನ ಹತ್ಸಿದಾರಾ? ಟಿಕೆಟ್ ಯಾರ್ ಕೊಡ್ತಾರೆ? ಅದ್ಯಾವ್ ಸೀಮೆ ಊರೇ ಇದು!"

ಬೇಕೆಂದು ಮಾಡಿದ್ದಲ್ಲ. ಕೆಲಸದಲ್ಲಿದ್ದ ಅಷ್ಟು ವರ್ಷವೂ ಬೆನ್ನ ಹಿಂದಿನಿಂದ 'ರೈಟ್ ರೈಟ್' ಎಂದು ಕೇಳದೆ ಅವನ ಕಾಲು ಕ್ಲಚ್ಚನ್ನು ಬಿಟ್ಟದ್ದಿಲ್ಲ. ಈಗಲೂ ಬಿಡಲೊಲ್ಲದು. ಕೊನೆಗೆ ಲಾಸ್ಯಾ ತಲೆ ಚಚ್ಚಿಕೊಂಡು, "ರೈಟ್! ರೈಟ್ ರೈಟ್! ಹೋಗು ಮಾರಾಯ" ಎಂದಳು. ಬಸ್ಸು ಹೊರಟಿತು. ಅಲ್ಲಿಂದ ಮುಂದೆ ಅವಳು ಅಡುಗೆಮನೆಯಲ್ಲಿರಲಿ, ಫೋನಿನಲ್ಲಿರಲಿ, ಅಪ್ಪ ಕೂಗಿದ ಕೂಡಲೇ ರೈಟ್ ಎನ್ನಬೇಕು. ಒಂದು ಸಲ ಆಫೀಸಿನ ಮೀಟಿಂಗಿನ ನಡುವೆ ಎಂದುಬಿಟ್ಟಳಂತೆ. ಆ ಕಡೆಯವರು ಒಪ್ಪಿಗೆ ಕೊಟ್ಟಳು ಎಂದುಕೊಂಡರಂತೆ.

ಅವಳ ಕಂಪ್ಯೂಟರಿನ ಸ್ಕ್ರೀನು ಚಿಕ್ಕದು. "ಬಾಗಿಲ ಸಂದೀಲಿ ರೋಡ್ ನೋಡ್ದಂಗಾಗುತ್ತೆ" ಎಂದು ಮುತ್ತುರಾಜ ಗೊಣಗುತ್ತಿದ್ದ. ಹೊಸದು ತರೋಣ ಎಂದಳು ಲಾಸ್ಯಾ. ಅಲ್ಲಿಂದ ಆ ಮನೆಯಲ್ಲಿ ಶುರುವಾಯಿತು ವಾದ. ಉದ್ದಕ್ಕೆ, ಸ್ವಲ್ಪ ಬಾಗಿದಂತಿರುವ ಒಂದೇ ದೊಡ್ಡ ಮಾನಿಟರ್ ತರುವುದೋ, ಮೂರು ಸಣ್ಣ ಮಾನಿಟರುಗಳನ್ನು ಬಸ್ಸಿನ ಮುಂದಿನ ಗಾಜು, ಎಡಕಿಟಕಿ, ಬಲಕಿಟಕಿಯ ಹಾಗೆ ಸುತ್ತ ನಿಲ್ಲಿಸುವುದೋ. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಒಂದು ತಂದರೆ ಇನ್ನೊಂದಿಲ್ಲ.

ಮಗಳಿಗೆ ಒಂದು ದೊಡ್ಡದು ಬೇಕು. ಅಪ್ಪನಿಗೆ ಮೂರು ಬೇಕು.

"ಮೂರಿದ್ರೆ ಕನ್ನಡಿಗಳು ಆಯಾ ಜಾಗದಲ್ಲಿ ಬರುತ್ತೆ. ಕತ್ತು ತಿರುಗಿಸಿ ನೋಡ್ಬೋದು. ಡಾಕ್ಟ್ರೇ ಹೇಳಿಲ್ವಾ ಕತ್ತು ತಿರುಗ್ಸಿ ಅಂತ?" ಎನ್ನುತ್ತಿದ್ದ ಇವನು.

"ದೊಡ್ಡದಿದ್ರೆ ಕನ್ನಡೀನೂ ಅದ್ರಲ್ಲೇ ಬರುತ್ತಪ್ಪ. ನನ್ ಕೆಲ್ಸಕ್ಕೂ ಆಗುತ್ತೆ, ದೊಡ್ಡಮ್ಮನೂ ಕೂತು ನೋಡ್ಬೋದು. ಮೂರು ಹಾಕಿದ್ರೆ ಗೂಡೊಳಗೆ ಕೂತಂಗೆ ನೀನೊಬ್ನೇ."

ಇದೆಲ್ಲ ಮೇಲಿನ ಮಾತು. ಒಳಗಿನ ಮಾತು ಅವಳು ನನಗೆ ಮಾತ್ರ ಹೇಳಿದಳು. ಸೊಪ್ಪು ಬಿಡಿಸುತ್ತ ಕೂತಿದ್ದೆವು. "ದೊಡ್ಡಮ್ಮ, ಎಡಗಡೆ ಒಂದು ಸ್ಕ್ರೀನ್ ಇಟ್ರೆ ಅದು ಅವ್ನಿಗೆ ಕಾಣೋದೇ ಇಲ್ಲ. ಮೂರರಲ್ಲಿ ಒಂದು ದಂಡ. ದಿನಾ ಅದಕ್ಕೆ ಗುದ್ದಿ ಗುದ್ದಿ, ಮತ್ತೆ ಮೊದ್ಲಿನ ಥರ ಮುಖ ಮಾಡ್ಕೊಂಡು ಕೂರ್ತಾನೆ. ಒಂದೇ ಆದ್ರೆ ಅವ್ನ ಕುರ್ಚಿ ಎಡಕ್ಕೆ ಸರಿಸಿಬಿಡ್ತೀನಿ, ಪೂರ್ತಿ ಸ್ಕ್ರೀನು ಅವ್ನ ಬಲಕ್ಕೆ ಬರುತ್ತೆ. ಎಲ್ಲಾ ಕಾಣುತ್ತೆ. ಇದನ್ನ ಅವ್ನಿಗೆ ಹೇಗ್ ಹೇಳ್ಲಿ?"

ನಾನು ಸೊಪ್ಪಿನ ದಂಟು ಮುರಿದುಕೊಂಡು ಕೂತೆ.

ಕಡೆಗೆ ಅಂಗಡಿಗೇ ಹೋಗಿ ಓಡಿಸಿ ನೋಡುವುದು ಎಂದಾಯಿತು. ನಾನೂ ಹೊರಟೆ. ಮಾಮೂಲ್‌ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ ಹೂಬತ್ತಿ, ಅರಿಶಿನದ ಕೊಂಬು ತರಬೇಕು ಎಂದು ನೆಪ ಹೇಳಿದೆ. ಅಲ್ಲಿಂದ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡು ಕೂಗಳತೆ. ಆಟೋ ಮಾರ್ಕೆಟ್ಟಿನ ಹತ್ತಿರ ಸಿಕ್ಕಿಹಾಕಿಕೊಂಡಾಗ ಪಕ್ಕದಲ್ಲೊಂದು ಸಿಟಿ ಬಸ್ಸು ಬಂದು ನಿಂತಿತು. ಮುತ್ತುರಾಜ ಆಟೋದಿಂದ ತಲೆ ಹೊರಹಾಕಿ ಆ ಡ್ರೈವರನಿಗೆ ಕೈ ಎತ್ತಿದ. ಆ ಹುಡುಗನಿಗೆ ಗುರುತಿಲ್ಲ. ಆದರೂ ಅವನೂ ಕೈ ಎತ್ತಿದ.

ಅಂಗಡಿಯವನ ಹೆಸರು ಶಶಿಕಿರಣ್. ಮಹಡಿಯ ಮೇಲೆ ಓಡಿಸಿ ನೋಡಲು ಎರಡು ಮೇಜು ಹಾಕಿದ್ದ. ಒಂದರ ಮೇಲೆ ಆ ದೊಡ್ಡ ಮಾನಿಟರ್. ಮದುವೆಮನೆಯ ಬಾಳೆ ಎಲೆಯ ಹಾಗೆ ಆ ತುದಿಯಿಂದ ಈ ತುದಿಗೆ. ಇನ್ನೊಂದರ ಮೇಲೆ ಮೂರು ಮಾನಿಟರು, ಅರ್ಧ ತೆರೆದ ಬಾಗಿಲುಗಳ ಹಾಗೆ.

"ನನ್ ಕೇಳಿದ್ರೆ ಸಿಂಗಲ್ ತಗೊಳಿ ಅಂಕಲ್" ಎಂದ ಶಶಿಕಿರಣ್. "ಮಧ್ಯೆ ಎಲ್ಲೂ ಗೆರೆ ಇಲ್ಲ. ಮೂರು ಇಟ್ರೆ ಒಂದಕ್ಕೊಂದು ಸೇರೋ ಕಡೆ ಕಪ್ಪು ಪಟ್ಟಿ ಕಾಣುತ್ತೆ. ತುಂಬ ಜನಕ್ಕೆ ಅದು ಕಿರಿಕಿರಿ."

"ಕಂಬ ಇಲ್ದೆ ಬಸ್ಸಿಗೆ ಗಾಜು ನಿಲ್ಲುತ್ತೇನಪ್ಪ?" ಎಂದ ಮುತ್ತುರಾಜ. "ನಮ್ ಹಳೇ ಗಾಡೀಲಿ ಮೂಗಿನ್ ಮುಂದೇನೇ ಕಂಬ ಇರ್ತಿತ್ತು. ಅದ್ರ ಈ ಕಡೆ ಒಂದ್ಸಲ, ಆ ಕಡೆ ಒಂದ್ಸಲ ಇಣುಕಿ ನೋಡ್ದಾಗ್ಲೇ ರೋಡು ಪೂರ್ತಿ ಆಗ್ತಿದ್ದಿದ್ದು."

ಮೊದಲು ದೊಡ್ಡದರ ಮುಂದೆ ಕೂರಿಸಿದರು. ಲಾಸ್ಯಾ ಏನೋ ಸರಿಮಾಡುವವಳ ಹಾಗೆ ಕುರ್ಚಿಯನ್ನು ಎಡಕ್ಕೆ ಎಳೆದಳು.

"ಯಾಕಮ್ಮ ಓರೆಗೆ ಎಳ್ದೆ? ಡ್ರೈವರ್ ಸೀಟು ಬಲಗಡೆ ಇರುತ್ತೆ. ಇಲ್ಲಿ ಕೂತ್ರೆ ಲೇಡೀಸ್ ಸೀಟಲ್ಲಿ ಕೂತ್ಕೊಂಡು ಸ್ಟೀರಿಂಗ್ ಹಿಡ್ದಂಗಿದೆ."

"ಒಂದ್ಸಲ ಹೀಗೆ ಓಡ್ಸು. ನನಗೋಸ್ಕರ."

ಓಡಿಸಿದ. ಎಷ್ಟು ಚೆನ್ನಾಗಿ ಓಡಿಸಿದ ಎಂದರೆ ಅಂಗಡಿಗೆ ಬಂದಿದ್ದ ಕಾಲೇಜು ಹುಡುಗರೆಲ್ಲ ಸುತ್ತ ನಿಂತರು. ತಿರುವಿನಲ್ಲಿ, ಇಳಿಜಾರಿನಲ್ಲಿ, ಎದುರಿಗೆ ಲಾರಿ ಬಂದಾಗ, ಎಲ್ಲೂ ಒಂದು ಗೀರಿಲ್ಲ. ಸ್ಟಾಪು ಬಂದಾಗ ಲಾಸ್ಯಾ ತಾನೇ ಮೆಲ್ಲಗೆ ರೈಟ್ ಎಂದಳು. ಮುಗಿದಾಗ ಹುಡುಗರು ಚಪ್ಪಾಳೆ ತಟ್ಟಿದರು. ಶಶಿಕಿರಣ್, "ಅಂಕಲ್ ಸೂಪರ್! ಪ್ಯಾಕ್ ಮಾಡಿಸ್ಲಾ?" ಎಂದ. ಲಾಸ್ಯಾಳ ಮುಖ ಅರಳಿತ್ತು.

ಮುತ್ತುರಾಜ ಎದ್ದ. "ಚೆನ್ನಾಗಿದೆ" ಎಂದ. "ಟೀವಿ ನೋಡ್ದಂಗಿತ್ತು."

ಹಾಗೆಂದು ಮೂರರ ಮುಂದೆ ಹೋಗಿ ಕೂತ.

ಅಲ್ಲಿ ಕುರ್ಚಿ ಸರಿಸುವಂತಿರಲಿಲ್ಲ. ಮಾನಿಟರುಗಳು ಅವನನ್ನು ಮೂರು ಕಡೆಯಿಂದ ಸುತ್ತುವರಿದಿದ್ದವು. ಬಲಗಡೆಯದಕ್ಕೆ ಕಣ್ಣು ಹೊರಳಿಸಿ ಕನ್ನಡಿ ನೋಡಿದ, ಖುಷಿಯಾಯಿತು. ಹೊರಟ. ಎಡಕ್ಕೆ ಕತ್ತು ತಿರುಗಿಸಿದ, ತಿರುಗಿಸಿದಾಗ ಮುಂದಿನದು ತಪ್ಪಿತು. ಮುಂದೆ ನೋಡಿದ, ಎಡಗಡೆಯದು ಮಾಯವಾಯಿತು. ಎಡ ಮಾನಿಟರಿನಲ್ಲಿ ಸೈಕಲ್ಲಿನವನೊಬ್ಬ ಬರುತ್ತಿದ್ದುದು ನನಗೆ ಕಾಣುತ್ತಿತ್ತು. ಮುತ್ತುರಾಜನಿಗೆ ಕಾಣಲಿಲ್ಲ. ಸೈಕಲ್ಲಿನವನು ಹಾರಿಬಿದ್ದ. ಆಮೇಲೆ ಬಸ್ಸು ಫುಟ್‌ಪಾತ್ ಹತ್ತಿತು, ಸ್ಟಾಪಿನ ಶೆಲ್ಟರಿಗೆ ಗುದ್ದಿ ನಿಂತಿತು.

"ಮಚ್ಚಾ, ಅಂಕಲ್ ಸ್ಟಾಪನ್ನೇ ಬಸ್ಸಿಗೆ ಹತ್ಸಿದ್ರು!" ಎಂದ ಒಬ್ಬ ಹುಡುಗ. ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ. ಮುತ್ತುರಾಜನೂ ನಗಲು ನೋಡಿದ. ಆಗಲಿಲ್ಲ.

"ಸಾಕಪ್ಪ, ಏಳು" ಎಂದಳು ಲಾಸ್ಯಾ. ಅವನು ಏಳಲಿಲ್ಲ. ಮತ್ತೆ ಹೊರಡಿಸಲು ನೋಡಿದ. ಇಷ್ಟು ದಿನ ಅವಳ ಗಂಟಲಲ್ಲಿ ಇದ್ದದ್ದು ಆಗ ಹೊರಗೆ ಬಂತು.

"ಅಪ್ಪಾ, ಆ ಸ್ಕ್ರೀನು ನಿಂಗೆ ಕಾಣೋದೇ ಇಲ್ಲ! ಕಾಣ್ದೇ ಇರೋದ್ನ ತಗೊಂಡು ಏನ್ ಮಾಡ್ತೀಯಾ?"

ಹುಡುಗರು ನಗು ನಿಲ್ಲಿಸಿ ಅತ್ತ ಇತ್ತ ಸರಿದರು. ಮುತ್ತುರಾಜ ಸ್ಟೀರಿಂಗಿನಿಂದ ಕೈ ತೆಗೆಯಲಿಲ್ಲ. ತಿರುಗಿಯೂ ನೋಡಲಿಲ್ಲ.

"ಕಾಣಲ್ಲ ಅಂತ ನಂಗೊತ್ತಿಲ್ವೇನಮ್ಮ?" ಎಂದ. "ಬಾಗ್ಲು ಬಡ್ಕೊಳೋದು ನಾನಲ್ವಾ? ಆದ್ರೆ ಎಡಗಡೆ ಯಾವತ್ತು ನಂದಾಗಿತ್ತು ಹೇಳು. ಕಣ್ಣು ಚೆನ್ನಾಗಿದ್ದಾಗ್ಲೂ ಆ ಕಡೆ ನಂದಲ್ಲ. ಡ್ರೈವರು ಬಲಗಡೆ ಕೂತಿರ್ತಾನೆ, ಅಷ್ಟಗಲ ಬಸ್ಸು ಅವ್ನ ಎಡಕ್ಕೇ ಇರೋದು. ಯಾರ್ ಹತ್ತಿದ್ರು, ಯಾರ್ ಇಳಿದ್ರು, ಯಾವ ಮಗು ಕೈ ಹೊರಗ್ ಹಾಕಿದೆ, ಎಲ್ಲಾ ನರಸಿಂಹಣ್ಣಂಗೆ ಗೊತ್ತಿರ್ತಿತ್ತು. ಮಾರ್ಕೆಟ್ಟಲ್ಲಿ ಒಂದು ಗೇಣು ಸಂದೀಲಿ ನುಗ್ಗಿಸ್ತಿದ್ದೆ. ಅವ್ರು ಹಿಂದ್ಗಡೆ ಬಾಗ್ಲಲ್ಲಿ ನೇತಾಡ್ಕೊಂಡು ತಗಡು ಬಡಿದ್ರೆ ಬಲಕ್ಕೆ ಎಳೀತಿದ್ದೆ. ಬಡೀದಿದ್ರೆ ಮುಂದಕ್ಕೆ. ನೋಡ್ತಾನೇ ಇರ್ಲಿಲ್ಲ ನಾನು." ಆಮೇಲೆ ಗದ್ದದಿಂದ ಆ ದೊಡ್ಡ ಮಾನಿಟರನ್ನು ತೋರಿಸಿದ. "ಅದ್ರಲ್ಲಿ ಎಲ್ಲಾ ನಂಗೇ ಕಾಣುತ್ತೆ. ಎಲ್ಲಾನೂ ಒಬ್ನೇ ನೋಡ್ಕೊಂಡು ಓಡ್ಸೋಕೆ ಅದೇನು ಸ್ಕೂಟರಾ?"

ಶಶಿಕಿರಣ್ ಬಿಲ್ಲಿನ ಮೇಜಿನ ಕಡೆ ನೋಡುತ್ತ ನಿಂತ.

ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಯಜಮಾನರ ಬಲಗೈ. ಆ ಅಂಗೈಯ ಬುಡದಲ್ಲಿ ಕಾಯಿ ಕಟ್ಟಿದ ಹಾಗೆ ಒಂದು ಗಟ್ಟಿ ಜಾಗವಿತ್ತು. ಮದುವೆಯಾದ ಹೊಸದರಲ್ಲಿ ಇದೇನೆಂದು ಕೇಳಿದ್ದೆ. ಬಸ್ಸಿನ ತಗಡು ಬಡಿದು ಬಡಿದು ಆದದ್ದು ಎಂದಿದ್ದರು. ನಿದ್ದೆಯಲ್ಲೂ ಒಮ್ಮೊಮ್ಮೆ ಮಂಚದ ಪಟ್ಟಿಯನ್ನು ಬಡಿಯುತ್ತಿದ್ದರು. ನಾನು ಎಚ್ಚರವಾಗಿ, ಯಾರಿಗೋ ಏನೋ ತಾಗುವುದರಲ್ಲಿತ್ತು, ಈಗ ತಪ್ಪಿತು ಎಂದುಕೊಂಡು ಮತ್ತೆ ಮಲಗುತ್ತಿದ್ದೆ.

"ಶಶಿಕಿರಣಪ್ಪ" ಎಂದೆ, "ಇಲ್ಲೊಂದು ಸ್ಟೂಲ್ ಹಾಕು."

ಎಡ ಮಾನಿಟರಿನ ಪಕ್ಕಕ್ಕೆ ಹಾಕಿಸಿಕೊಂಡು ಕೂತೆ. ಲಾಸ್ಯಾ, "ದೊಡ್ಡಮ್ಮ, ನಿಮಗೆ ಈ ಆಟ..." ಎಂದಳು. "ಆಟ ಬರದಿದ್ರೆ ಬೇಡ. ಗೋಡೆ ಹತ್ರ ಬಂದ್ರೆ ಗೊತ್ತಾಗುತ್ತೆ ನಂಗೆ" ಎಂದೆ.

ಮುತ್ತುರಾಜ ಈಗಲೂ ತಿರುಗಲಿಲ್ಲ. ತಿರುಗಿದರೂ ನಾನು ಕೂತ ಜಾಗ ಅವನಿಗೆ ಸುಲಭವಾಗಿ ಕಾಣುವ ಜಾಗವಲ್ಲ. "ರೈಟಾ ಅತ್ಗೆ?" ಎಂದ.

"ರೈಟ್ ರೈಟ್" ಎಂದೆ. ಜನರ ಮುಂದೆ ನಾಚಿಕೆಯಾಯಿತು.

ಮೊದಲ ಸಲ ನಾನು ಮೇಜು ಬಡಿಯುವಷ್ಟರಲ್ಲಿ ಬಸ್ಸು ದೀಪದ ಕಂಬವನ್ನು ಸವರಿಕೊಂಡು ಹೋಗಿತ್ತು.

"ಅತ್ಗೆ, ಮದ್ವೆ ಆದ್ಮೇಲೆ ಜಾತಕ ನೋಡ್ದಂಗಾಯ್ತು."

"ನಿಧಾನಕ್ಕೆ ಓಡ್ಸೋ, ನಂಗೇನು ಮಿಷನ್ ಇಟ್ಟಿದಾರಾ ಕಣ್ಣಲ್ಲಿ?"

ಎರಡನೇ ಸಲ ಮುಂಚೆಯೇ ಬಡಿದೆ. ಅವನು ಬಲಕ್ಕೆ ಎಳೆದ. ಸೈಕಲ್ಲಿನವನು ಉಳಿದುಕೊಂಡ. ಮೂರನೇ ಸಲ ಬಡಿಯುವ ಅಗತ್ಯ ಬರಲಿಲ್ಲ. ನಾನು ಸುಮ್ಮನಿದ್ದರೆ ದಾರಿ ಇದೆ ಎಂದು ಅವನಿಗೆ ಅರ್ಥವಾಗುತ್ತಿತ್ತು. ನನ್ನ ಸುಮ್ಮನಿರುವಿಕೆಯನ್ನು ಅಷ್ಟು ಗಮನವಿಟ್ಟು ಕೇಳಿದವರು ಈ ಮನೆಗೆ ಬಂದ ಮೇಲೆ ಯಾರೂ ಇರಲಿಲ್ಲ.

ಸ್ಟಾಪಿನಲ್ಲಿ ನಿಲ್ಲಿಸಿದಾಗ ಲಾಸ್ಯಾ ದೊಡ್ಡ ಮಾನಿಟರಿನ ಹತ್ತಿರ ನಿಂತಿದ್ದಳು. ಅದರ ಅಂಚನ್ನು ಬೆರಳಿನಿಂದ ಒಮ್ಮೆ ಸವರಿದಳು. ಅವಳಿಗೂ ಅದು ಬೇಕಿತ್ತು. ಅಪ್ಪನ ಸಲುವಾಗಿ ಅಲ್ಲದಿದ್ದರೂ ಅವಳ ಕೆಲಸಕ್ಕೆ ಬೇಕಿತ್ತು. ಅಷ್ಟು ದೊಡ್ಡದರಲ್ಲಿ ಚಿತ್ರ ಬರೆಯುವ ಆಸೆ ಯಾವ ಕಲಾವಿದೆಗಿರುವುದಿಲ್ಲ? ಆಮೇಲೆ ಶಶಿಕಿರಣನಿಗೆ, "ಮೂರು ಕೊಡಿ" ಎಂದಳು. "ಮತ್ತೆ ಸ್ಟ್ಯಾಂಡ್ ಅಗಲದ್ದು ಕೊಡಿ. ಎಡಗಡೆದು ಸ್ವಲ್ಪ ಆಚೆ ತಿರುಗಿಸ್ಬೇಕು. ದೊಡ್ಡಮ್ಮನ ಕಡೆಗೆ."

ಅವರ ಮನೆಯ ಮುಂದಿನ ಕೋಣೆಯಲ್ಲಿ ಈಗ ಆ ಮೂರು ಮಾನಿಟರುಗಳು ನಿಂತಿವೆ. ನಡುವಿನದು ಮತ್ತು ಬಲಗಡೆಯದು ಮುತ್ತುರಾಜನ ಕಡೆಗೆ, ಎಡಗಡೆಯದು ನನ್ನ ಕಡೆಗೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಹೋಗಿ ಕೂರುತ್ತೇನೆ. ನಾನು ಹೋಗದ ದಿನ ಅವನು ಓಡಿಸುವುದಿಲ್ಲ. ಬಸವನಗುಡಿಯ ತಂಗಿಯ ಮನೆಗೆ ಹೋಗಿ ಎರಡು ದಿನ ಉಳಿದರೆ, "ಗಾಡಿ ಡಿಪೋದಲ್ಲೇ ಇದೆ" ಎಂದು ಫೋನು ಮಾಡುತ್ತಾನೆ.

ಮೊದಮೊದಲು ನಾನು ಕಂಡದ್ದನ್ನೇ ಹೇಳುತ್ತಿದ್ದೆ. ಮರ ಬಂತು, ಗೋಡೆ ಬಂತು, ಕಾರು ನಿಂತಿದೆ. ಒಂದು ಮಧ್ಯಾಹ್ನ ಅವನು, "ಎಲ್ಲಿದೀವಿ ಅತ್ಗೆ?" ಎಂದ. ಆ ಊರಿನ ಹೆಸರು ನನಗೆ ಗೊತ್ತಿಲ್ಲ, ಬೋರ್ಡು ಇಂಗ್ಲಿಷಿನದು. ಏನು ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ. "ಮಲ್ಲೇಶ್ವರ ಬಂತು. ಸಂಪಿಗೆ ರೋಡು."

ಅವನು ಗಾಡಿಯ ವೇಗ ಇಳಿಸಿದ. "ಎಡಗಡೆ ಏನಿದೆ?" ಎಂದ.

ಎಡಗಡೆ ಏನಿದೆ ಎಂದು ನನ್ನನ್ನು ಕೇಳಬೇಕೇ? ನಮ್ಮ ಬಸ್ಸುಗಳಲ್ಲಿ ಹೆಂಗಸರ ಸೀಟು ಮುಂದೆ, ಎಡಗಡೆಗೆ. ಮದುವೆಯಾಗಿ ಬಂದ ಮೇಲೆ ನಾನು ಈ ಊರನ್ನು ನೋಡಿದ್ದೇ ಆ ಕಿಟಕಿಯಿಂದ. ಯಜಮಾನರು ಭಾನುವಾರ ಕೊನೆಯ ಟ್ರಿಪ್ಪಿಗೆ ನನ್ನನ್ನು ಮಾರ್ಕೆಟ್ಟಿನಲ್ಲಿ ಹತ್ತಿಸಿಕೊಳ್ಳುತ್ತಿದ್ದರು. ಟಿಕೆಟ್ ಹರಿದು ಕೊಟ್ಟು, ಗುರುತಿಲ್ಲದವರ ಹಾಗೆ, "ಎಲ್ಲಿಗಮ್ಮ?" ಎನ್ನುತ್ತಿದ್ದರು. ನಾನೂ ಗುರುತಿಲ್ಲದವಳ ಹಾಗೆ, "ಎಲ್ಲಿವರ್ಗೆ ಹೋಗುತ್ತೋ ಅಲ್ಲಿವರ್ಗೆ" ಎನ್ನುತ್ತಿದ್ದೆ.

"ಮಿಲ್ಲಿನ ಗೋಡೆ ಮುಗೀತು" ಎಂದೆ. "ಸಂಪಿಗೆ ಮರದ ಕೆಳಗೆ ಗಿಣಿಶಾಸ್ತ್ರದವ್ನು ಕೂತಿದಾನೆ. ಎಂಟನೇ ಕ್ರಾಸು. ಹೂವಿನವ್ರು ಇನ್ನೂ ಅಂಗಡಿ ಎತ್ತಿಲ್ಲ. ಒಬ್ಳು ಕಾಕಡ ಬುಟ್ಟಿ ಎತ್ಕೊಂಡು ಬಸ್ಸಿಗೆ ಕೈ ತೋರಿಸ್ತಿದಾಳೆ."

ಬಸ್ಸು ನಿಂತಿತು. ಸ್ಕ್ರೀನಿನಲ್ಲಿ ಕೋಟು ಹಾಕಿದ ಇಬ್ಬರು ಹತ್ತಿದರು.

"ಬುಟ್ಟಿಗೆ ಲಗೇಜ್ ಟಿಕೆಟ್ ಹಾಕಿ ಅತ್ಗೆ. ಬಿಟ್ರೆ ತಲೆ ಮೇಲೇ ಕೂರಿಸ್ತಾಳೆ."

"ಮೊಳ ಹೂವು ಕೊಟ್ಟಿದಾಳೆ, ಬಿಡು."

"ಅಣ್ಣನ ಥರಾನೇ ಆಡ್ತೀರಲ್ಲ! ಚೆಕಿಂಗ್ ಬಂದ್ರೆ?"

ಒಳಗೆ ಕೂತು ಕೆಲಸ ಮಾಡುತ್ತಿದ್ದ ಲಾಸ್ಯಾ ಎದ್ದು ಬಂದು ಬಾಗಿಲಲ್ಲಿ ನಿಂತಳು. ಎಡ ಮಾನಿಟರನ್ನು ನೋಡಿದಳು, ನನ್ನನ್ನು ನೋಡಿದಳು.

ನನ್ನ ಮಾನಿಟರಿನಲ್ಲಿ ಒಂದು ಕನ್ನಡಿಯಿದೆ. ಅದರಲ್ಲಿ ಬಸ್ಸಿನ ಎಡಮೈ ಉದ್ದಕ್ಕೂ ಕಾಣುತ್ತದೆ, ಕೊನೆಯಲ್ಲಿ ಹಿಂಬಾಗಿಲು. ಹೊರಡುವ ಮುಂಚೆ ಡ್ರೈವರು ಕೇಳಬೇಕಾದದ್ದನ್ನು ಮುತ್ತುರಾಜ ಕೇಳಿದ.

"ಹಿಂದ್ಗಡೆ ಬಾಗ್ಲಲ್ಲಿ ಯಾರೂ ನೇತಾಡ್ತಿಲ್ಲ ತಾನೇ?"

ಬಗ್ಗಿ ಕನ್ನಡಿ ನೋಡಿದೆ. ಮೆಟ್ಟಿಲು ಖಾಲಿ. ಅದರಾಚೆ ಆ ಗೊತ್ತಿಲ್ಲದ ಊರಿನ ಬಿಸಿಲು ಬಿದ್ದಿತ್ತು.

"ಒಬ್ರಿದಾರೆ" ಎಂದೆ. "ನಿಧಾನಕ್ಕೆ ಹೋಗು."

ಮುತ್ತುರಾಜ ಯಾರೆಂದು ಕೇಳಲಿಲ್ಲ. ಕೈಬೆರಳಿನಿಂದ ಕಣ್ಣೊರೆಸಿಕೊಂಡು, ಒಂದನೇ ಗೇರಿಗೆ ಹಾಕಿ, ಒಳಗೆ ಹಾಲಿನ ಕ್ಯಾನು ಇಟ್ಟಿರುವ ಹಾಗೆ ಬಸ್ಸನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟ.